ಮಗ್ಗುಲ ಜಾಗ

ಬಾಟಲಿ ತಂದಿಡುತ್ತಿರುವುದು ಹೆಂಗಸು ಎಂದು ರೆಜಿನಮ್ಮ ಎಣಿಸಿರಲಿಲ್ಲ.

ಹೊಸಪೇಟೆಯ ಕ್ರೈಸ್ತರ ಸ್ಮಶಾನದ ಬೇವಿನ ಮರದ ಮರೆಯಲ್ಲಿ ನಿಂತು ಅವಳು ನೋಡುತ್ತಲೇ ಇದ್ದಳು. ಆ ಹೆಂಗಸು ಚೀಲದಿಂದ ಕ್ವಾರ್ಟರ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿಟ್ಟಳು. ಎಲೆಯ ಮೇಲೆ ಎರಡು ಮೆಣಸಿನಕಾಯಿ ಬಜ್ಜಿ, ಒಂದು ಹಿಡಿ ಮಂಡಕ್ಕಿ. ಆಮೇಲೆ ಬೀಡಿ ಹಚ್ಚಿ ಮಣ್ಣಿಗೆ ಚುಚ್ಚಿದಳು. ಇಟ್ಟಿದ್ದಾದರೂ ಎಲ್ಲಿ? ಗಂಡ ಇನ್ನಾಸಪ್ಪನ ಮಣ್ಣಿನ ದಿಬ್ಬದ ಎಡಕ್ಕೆ, ಸಮತಟ್ಟಾದ ಖಾಲಿ ಜಾಗದಲ್ಲಿ. ಅದು ರೆಜಿನಮ್ಮನಿಗೆಂದು ಇಟ್ಟ ಜಾಗ.

ಎಂಥಾ ಧೈರ್ಯ!

ಇನ್ನಾಸಪ್ಪ ತೀರಿಹೋಗಿ ನಾಳೆಗೆ ಒಂದು ವರ್ಷ. ಮೊಣಕಾಲೂರಿ ಜಪಸರ ಮುಗಿಸದೆ ಹೆಂಡತಿ ಮಕ್ಕಳನ್ನು ಊಟಕ್ಕೆ ಕೂರಿಸಿದವನಲ್ಲ. ಸಂಡೂರಿನ ಗುಡ್ಡಗಳ ಗಣಿ ಶೆಡ್ಡುಗಳಿಗೆ ಹೋಗಿ ಎಷ್ಟೋ ಮಂದಿಯ ಕುಡಿತ ಬಿಡಿಸಿದವನು. ಅಲ್ಸರಿದ್ದುದರಿಂದ ಮನೆಯಲ್ಲಿ ಬಜ್ಜಿ ಕರಿದರೆ ಮುಟ್ಟುತ್ತಲೂ ಇರಲಿಲ್ಲ. ಅಂಥವನ ಸಮಾಧಿಯ ಬಳಿ ಅಮಾವಾಸ್ಯೆ ಬಂತೆಂದರೆ ಬಾಟಲಿ, ಬೀಡಿ. ಮೊದಲು ಕಂಡವನು ಚರ್ಚಿನ ಗಂಟೆ ಹೊಡೆಯುವ ವಿಜಯಕುಮಾರ್. ಪೂಜೆ ಮುಗಿದು ಎಲ್ಲರೂ ಹೊರಬರುವಾಗಲೇ ಕೇಳಿದ್ದ, "ಸಂತರಿಗೂ ಬಾಯಿ ಒಣಗತೈತೇನ್ರಿ ರೆಜಿನಮ್ಮಾರೆ?" ನಾಲ್ಕು ಜನ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತ್ತು.

ನಗು ಹೋಗಲಿ. ಅನುಮಾನ ಅವಳೊಳಗೇ ಇತ್ತಲ್ಲ. ಅಮಾವಾಸ್ಯೆಯ ಸಂಜೆ "ಒಂದು ಕೆಲಸ ಐತಿ" ಎಂದು ಹೋದವನು ಬೀಡಿ ವಾಸನೆ ಹೊತ್ತು ಬರುತ್ತಿದ್ದ. ಒಮ್ಮೆ ಸ್ಕೂಟರಿನ ಡಿಕ್ಕಿಯಲ್ಲಿ ಇಂಥದೇ ಬಾಟಲಿ ಸಿಕ್ಕಿತ್ತು. "ನನಗಲ್ಲ ರೆಜಿನಾ" ಎಂದನೇ ಹೊರತು, ಮತ್ಯಾರಿಗೆ ಎಂದು ಬಾಯಿ ಬಿಡಲಿಲ್ಲ.

ಇಬ್ಬರಿಗೂ ಇರಲಿ ಎಂದು ಗೋಡೆ ಪಕ್ಕದ ಈ ಜಾಗವನ್ನು ಅವನೇ ಹಿಡಿದಿದ್ದ. ಇಕ್ಕಟ್ಟಾಯಿತಲ್ಲ ಎಂದು ಅವಳು ಅಂದರೆ, "ಒಂಚೂರು ಸರಿದು ಮಲಗಿದ್ರಾತು ಬಿಡು" ಎಂದು ನಗುತ್ತಿದ್ದ. ಮೃತರ ದಿನ ಬಂದರೆ ಈ ಖಾಲಿ ಜಾಗಕ್ಕೂ ಒಂದು ಮೇಣದಬತ್ತಿ ಹಚ್ಚುತ್ತಿದ್ದ. "ಬದುಕಿದಾಕಿಗೆ ಬತ್ತಿ ಹಚ್ತೀರಲ್ರಿ, ನಾ ಜಲ್ದಿ ಹೋಗ್ಲಿ ಅಂತೇನು?" ಎಂದು ಅವಳು ಬೈದರೆ ಅದಕ್ಕೂ ನಗುವೇ. ಕೊನೆಗಾಲದಲ್ಲಿ, ತನ್ನ ಗುಂಡಿಯನ್ನು ಗೋಡೆಗೆ ಒತ್ತಿಯೇ ತೆಗೆಯಬೇಕೆಂದು ಹೇಳಿ ಕಣ್ಣು ಮುಚ್ಚಿದ್ದ.

ಗೇಟಿನ ಬಳಿ ಕಲ್ಲುಕುಟಿಗ ಯಲ್ಲೇಶ್ ಕಾಯುತ್ತಿದ್ದ. ಇಡೀ ಜಾಗ ಮುಚ್ಚುವಷ್ಟು ಅಗಲದ ಕರಿಕಲ್ಲು. ಬಲಕ್ಕೆ ಇನ್ನಾಸಪ್ಪನ ಹೆಸರು ಮೂಡಿತ್ತು, ಎಡಕ್ಕೆ ಅವಳದು ಬರಬೇಕಿತ್ತು. ಅವಳೇ ತಡೆದಿದ್ದಳು. ಆ ಮನುಷ್ಯನ ಮಗ್ಗುಲಲ್ಲಿ ತಾನು ಮಲಗಬೇಕೋ ಬೇಡವೋ ಎಂಬುದು ಈ ಅಮಾವಾಸ್ಯೆಯ ಸಂಜೆ ತೀರ್ಮಾನವಾಗಬೇಕಿತ್ತು.

ಮರದ ಮರೆಯಿಂದ ಹೊರಬಂದಳು.

"ಯಾರವ್ವ ನೀನು?"

ಹೆಂಗಸು ಗಡಬಡಿಸಿ ಎದ್ದು ಸೆರಗು ಹೊದ್ದಳು. "ತಾಯಕ್ಕ ರೀ. ಚೋರನೂರಾಗ ಕೂಲಿ ಮಾಡ್ತೀನಿ. ನೀವು ಇನ್ನಾಸ್ ಸರ್ ಮನಿಯಾರು ಅಲ್ರಿ? ಫೋಟೋದಾಗ ನೋಡೀನಿ."

"ಫೋಟೋನೂ ತೋರಿಸ್ಯಾರೇನು! ಎಷ್ಟು ದಿನದಿಂದ ನಡದೈತಿ ಇದು?"

"ಭಾಳ ವರ್ಷಾತು ರೀ. ಅಮಾಸಿಗೊಮ್ಮೆ ಸರ್ ಬಸ್ ಸ್ಟ್ಯಾಂಡಿಗೆ ಬಂದು ಸ್ಕೂಟರ್ ಮ್ಯಾಲೆ ಕರ್ಕೊಂಡು ಬರ್ತಿದ್ರು. ಬಾಟ್ಲಿನೂ ಅವ್ರೇ ತರ್ತಿದ್ರು. ಹೆಣ್ಮಗಳು ನೀ ಯಾಕ ಅಂಗಡಿ ಮುಂದ ನಿಲ್ತಿ ಅಂತ."

ರೆಜಿನಮ್ಮ ಎಲೆಯ ಕಡೆ ಕೈ ಮಾಡಿದಳು. "ಮತ್ತ ಈ ಮೆಣಸಿನಕಾಯಿ?"

"ಅಯ್ಯ, ಬಿಸಿ ಮೆಣಸಿನಕಾಯಿ ಅಂದ್ರ ಅವ್ರಿಗೆ ಜೀವ ರೀ! ಬೀಡಿನೂ ಹಂಗ. ಬ್ಯಾಡ ಅಂದ್ರ ಕೇಳೋ ಪೈಕಿನ?" ತಾಯಕ್ಕನ ಮುಖ ಒಂದು ಗಳಿಗೆ ಅರಳಿ ಮತ್ತೆ ಬಾಡಿತು.

ಮನೆಯಲ್ಲಿ ಅನ್ನ ಮಜ್ಜಿಗೆ, ಇಲ್ಲಿ ಇದು.

"ಹೊಟ್ಟಿಗೆ ಬೆಂಕಿ ಹಾಕಿದಿ ನೀನು."

"ತಪ್ಪಾತ್ರಿ ಅಮ್ಮಾರೆ." ತಾಯಕ್ಕ ತಲೆ ತಗ್ಗಿಸಿದಳು. "ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ. ಹೇಳ್ತೀನಿ, ಹೇಳ್ತೀನಿ ಅಂತಿದ್ರು ಸರ್. ನಿಮ್ಮ ಜಾಗ ನಾವು ಕಸ್ಕೊಂಡೀವಿ ಅಂತ ನನಗೂ ಒಳಗ ಚುಚ್ತಿತ್ತು."

"ಕಸ್ಕೋ!" ರೆಜಿನಮ್ಮನ ದನಿ ಒಡೆಯಿತು. "ಆತನ ಮಗ್ಗುಲು ನನಗ ಬ್ಯಾಡ. ನಾಳೆ ನೀನೇ ಬಂದು ಮಲಕ್ಕೋ ಅಲ್ಲಿ!"

ತಾಯಕ್ಕ ಬೆಪ್ಪಾಗಿ ಅವಳ ಮುಖವನ್ನೇ ನೋಡಿದಳು.

"ನಾ ಯಾಕ ರೀ ಅಮ್ಮಾರೆ? ಅಲ್ಲಿ ನಮ್ಮ ಮನಿಯವ್ರು ಮಲಗ್ಯಾರಲ್ರಿ. ಈ ಬಾಟ್ಲಿ, ಬೀಡಿ ಎಲ್ಲಾ ಅವ್ರಿಗೇ. ಗುಡ್ಡದಾಗ ಅದಿರಿನ ಲಾರಿ ಹಾಯ್ದು ಹ್ವಾದಾಗ ಹೂಳಾಕ ನಮಗ ಗೇಣು ನೆಲ ಇದ್ದಿಲ್ಲ. ಸರ್ ಹಳೇ ಫಾದರಿಗೆ ಕೈ ಮುಗುದ್ರು. ಇದು ನನ್ನ ಹೆಂಡ್ತಿ ಜಾಗ, ಆಕಿ ಬ್ಯಾಡ ಅನ್ನಾಕಿ ಅಲ್ಲ ಅಂದ್ರು."

ಮಣ್ಣಿಗೆ ಚುಚ್ಚಿದ್ದ ಬೀಡಿ ಆರಿತ್ತು. ರೆಜಿನಮ್ಮ ಕುಕ್ಕರುಗಾಲಲ್ಲಿ ಕುಳಿತಳು. ಕಡ್ಡಿಪೆಟ್ಟಿಗೆಗೆ ಕೈ ಚಾಚಿದಳು. ಗೇಟಿನಿಂದ ಯಲ್ಲೇಶ್ ಕೂಗಿದ, "ಅಮ್ಮಾರೆ, ಬೆಳಕು ಹೊಂಟೈತಿ. ನಿಮ್ಮ ಹೆಸರು ಕೆತ್ಲೋ, ಬ್ಯಾಡೋ?"

"ಕೆತ್ತಪ್ಪ. ಒಂಚೂರು ಸರಿಸಿ ಕೆತ್ತು, ನಡುವ ಇನ್ನೊಬ್ರ ಹೆಸರು ಬರಬೇಕು."