ಕುಂಬಳದ ಹೂವಿನ ವಾಸನೆ

ಬೆಳಗಿನ ಮೊದಲ ಪಾಠ ಎಂದಿನಂತೆ ಕುಂಬಳದ ಹೊಲದಲ್ಲೇ ನಡೆದಿತ್ತು. ಮಕ್ಕಳು ಕುಂಚ ಹಿಡಿದು ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಮುಟ್ಟಿಸುತ್ತಿದ್ದರು. ಜೇನುಹುಳುಗಳು ಇಲ್ಲವಾದ ಮೇಲೆ ಊರೂರಲ್ಲೂ ಇದೇ ರೂಢಿ. ಅವುಗಳನ್ನು ಕಣ್ಣಾರೆ ಕಂಡವರಲ್ಲಿ ಈ ಊರಿನಲ್ಲಿ ಉಳಿದವರು ಶಿಕ್ಷಕಿ ಚಂಪವ್ವ ಒಬ್ಬರೇ.

"ಹೂವಿಗೆ ವಾಸನಿ ಯಾಕ ಇರತೈತಿ?" ಎಂದು ಅವರು ಕೇಳಿದರು.

"ನಮಗ ಕೆಲಸಾ ಬ್ಯಾಸರಾಗಬಾರದಂತ್ರಿ," ಎಂದಳು ರೇಣವ್ವ. ಉಳಿದವರೂ ಹೌದೆಂದು ತಲೆಯಾಡಿಸಿದರು.

"ತಪ್ಪವ್ವಾ. ಅದು ಜೇನುಹುಳಾನ್ನ ಕರಿಯೂ ವಾಸನಿ. ಈ ಕೆಲಸಾ ಮೊದಲ ಅವಾ ಮಾಡ್ತಿದ್ವು."

"ಹುಳಾ ಹೊಲದಾಗ ದುಡೀತಿದ್ವಂತ! ಪಗಾರ ಎಷ್ಟಿತ್ರೀ ಅಕ್ಕಾರ?" ಎಂದು ಒಬ್ಬ ಹುಡುಗ ಅಂದ. ಎಲ್ಲರೂ ನಕ್ಕರು.

ಚಂಪವ್ವ ಸಿಟ್ಟಾಗಲಿಲ್ಲ. ಒಬ್ಬರಾದರೂ ನಂಬದಿದ್ದರೆ ಈ ಸಂಗತಿ ತಮ್ಮೊಂದಿಗೇ ಮಣ್ಣಾಗುತ್ತದೆ ಎಂಬ ಚಿಂತೆ ಅವರದು. ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಹುಳುಗಳು ಹೂವಿಂದ ಹೂವಿಗೆ ಹಾರುತ್ತಿದ್ದುದನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿದರು.

ಮಕ್ಕಳು ಮುಂದಿನ ಸಾಲಿಗೆ ಹೋದರು. ರೇಣವ್ವ ಮಾತ್ರ ಒಂದು ಹೂವಿಗೆ ಮೂಗು ತಾಗಿಸಿ ಕುಳಿತೇ ಇದ್ದಳು.

"ಅಕ್ಕಾರ, ಇದು ಇನ್ನೂ ಕರಿಯಾಕ ಹತ್ತೈತ್ರಿ. ಅವು ಬರೂದಿಲ್ಲಂತ ಇದಕ್ಕ ಯಾರೂ ಹೇಳಿಲ್ಲೇನ್ರಿ?"

ಚಂಪವ್ವ ಅವಳ ಪಕ್ಕದಲ್ಲೇ ಬದುವಿನ ಮೇಲೆ ಕುಳಿತರು.

"ಹೇಳಬ್ಯಾಡವ್ವಾ," ಎಂದರು. "ಕರೀಲಿ ಬಿಡು."