ಗಂಗಹನುಮಯ್ಯನವರ ಎಮ್ಮೆ

“ಎರಡು ಸೇರು ತೌಡು,” ಎಂದು ಕೋರ್ಟಿನ ಗುಮಾಸ್ತ ಗಂಗಹನುಮಯ್ಯನವರು ಪಿಸುಗುಟ್ಟಿದರು. ಮಧುಗಿರಿಯ ಬಾಷಾ ಸಾಬರ ಅಕ್ಕಿ ಮಿಲ್ಲಿನಲ್ಲಿ ಪಿಸುಮಾತು ಯಾರಿಗೆ ಕೇಳಿಸಬೇಕು? ಕೂಗಲೇಬೇಕಾಯಿತು. ಅವರು ಕೂಗುವುದಕ್ಕೂ ಮಿಷನ್ನು ನಿಲ್ಲುವುದಕ್ಕೂ ಸರಿಹೋಯಿತು. “ತೌಡೂ!” ಎನ್ನುವುದು ಆಚೆ ನಿಂತಿದ್ದ ಪಾವಗಡದ ಬಸ್ಸಿನವರಿಗೂ ಕೇಳಿಸಿತು.

“ಅರೆ, ತೌಡು ಯಾರ್ಗೆ ಸ್ವಾಮಿ?” ಎಂದರು ಬಾಷಾ ಸಾಬ್.

ಯಾರಿಗೆಂದು ಹೇಳುವುದು? ಅಕ್ಕಿ ಮಲ್ಲಿಗೆಯಂತಿರಲಿ ಎಂದು ಇದೇ ಮಿಷನ್ನಿಗೆ ಎರಡೆರಡು ಸಲ ಹಾಕಿಸಿ, ಮೂರು ಹೊತ್ತೂ ಅದನ್ನೇ ಉಂಡವರು ಅವರು. ಈಗ ಕಾಲು ಜೋಮು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಲಾರರು. ಬೆಳಗ್ಗೆ ಡಾಕ್ಟರು ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿ, “ಸತ್ವವೆಲ್ಲ ತೌಡಿಗೆ ಹೋಯ್ತು, ಬರೀ ಬಿಳುಪು ನಿಮ್ಮ ತಟ್ಟೆಗೆ ಬಂತು. ದಿನಾ ತೌಡು ತಿನ್ನಿ, ಮುದ್ದೆ ಉಣ್ಣಿ. ಇಲ್ದಿದ್ರೆ ಕಾಲಿನ ಆಸೆ ಬಿಡಿ,” ಎಂದಿದ್ದರು. ಆದರೆ ಪಕ್ಕದಲ್ಲೇ ರಾಗಿ ಚೀಲ ಹಿಡಿದು ನಿಂತವನು ಕೋರ್ಟಿನ ಜವಾನ ಚಿಕ್ಕರಂಗಯ್ಯ! ಅವನು ಮುದ್ದೆ ನುಂಗುವುದನ್ನು ‘ಗು...ಳುಂ’ ಎಂದು ಕತ್ತು ಚಾಚಿ ಅಣಕಿಸಿ, ವರ್ಷಗಟ್ಟಲೆ ಇಡೀ ಕಚೇರಿಯನ್ನು ನಗಿಸಿದವರು ಇದೇ ಗುಮಾಸ್ತರು.

“ಎಮ್ಮೆಗೆ,” ಎಂದುಬಿಟ್ಟರು.

“ಎಮ್ಮೆ ತಂದ್ಬುಟ್ರಾ ಸ್ವಾಮಿ!” ಚಿಕ್ಕರಂಗಯ್ಯ ಅರಳಿದ. “ಹಾಲೆಷ್ಟು?”

“ಹಾಲಿಲ್ಲ.”

“ಗಬ್ಬವಾ?”

“ಛೇ ಛೇ!” ಗುಮಾಸ್ತರು ಹೊಟ್ಟೆ ಮುಟ್ಟಿಕೊಂಡರು. “ಕಾಲು ಜೋಮು, ಅಷ್ಟೇ.”

“ಮೇವು ಏನಾಕ್ತೀರಿ?”

ಗುಮಾಸ್ತರಿಗೆ ಯಾವ ಮೇವಿನ ಹೆಸರೂ ಹೊಳೆಯಲಿಲ್ಲ. ದಿನಾ ಉಣ್ಣುವುದೇ ಬಾಯಿಗೆ ಬಂತು. “ಬಿಳೀ ಅನ್ನ, ತಿಳಿಸಾರು.”

“ತೋಬಾ, ತೋಬಾ!” ಬಾಷಾ ಸಾಬ್ ಕೆನ್ನೆ ಬಡಿದುಕೊಂಡರು. “ಸಾರಿಗೆ ಒಗ್ಗರಣೆನೂ ಉಂಟಾ?”

“ಇಂಗಿಂದು.”

“ಅದ್ಕೇ ಕಾಲು ಬಿದ್ದೋಗದೆ! ಪಾಪ, ಮೂಗ್ ಜೀವ. ನಡೀರಿ, ನಾನೇ ನೋಡ್ತೀನಿ,” ಎಂದು ಚಿಕ್ಕರಂಗಯ್ಯ ತೌಡಿನ ಚೀಲವನ್ನೂ ಹೆಗಲಿಗೇರಿಸಿದ. ಬೇಡವೆಂದರೂ ಬಿಡಲಿಲ್ಲ. ದಾರಿಯುದ್ದಕ್ಕೂ ಎಮ್ಮೆಯ ಬಣ್ಣ ಕೇಳಿದ, ಸುಳಿ ಕೇಳಿದ, ಕೊಂಬು ಕೇಳಿದ. ಕೊಂಬಿಲ್ಲ ಎಂದರು ಗುಮಾಸ್ತರು, ಕಾಲೆಳೆಯುತ್ತ.

ಹೆಂಡತಿ ಕೊಲ್ಲಾಪುರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. “ತೌಡು ಸಿಕ್ತಾ? ಬೇಗ ಕೂತ್ಕಳ್ರೀ, ಬೆಲ್ಲ ಕುಟ್ಟಿಟ್ಟಿದೀನಿ. ಊಟಕ್ಕೆ ಮುಂಚೇನೇ ತಿನ್ಬೇಕು ಅಂದವ್ರಲ್ಲ ಡಾಕ್ಟ್ರು!”

ಚಿಕ್ಕರಂಗಯ್ಯ ಅಂಗಳ ನೋಡಿದ, ಹಿತ್ತಿಲಿಗೆ ಕತ್ತು ಹಾಕಿ ನೋಡಿದ, ಕೊನೆಗೆ ಜಗಲಿಯ ಮೇಲೆ ಕುಸಿದು ಕೂತಿದ್ದ ಗುಮಾಸ್ತರನ್ನು ನೋಡಿದ. ಚೀಲ ಇಳಿಸಿ ಹತ್ತಿರ ಬಂದು, ಅವರ ಬೆನ್ನನ್ನು ಮೆಲ್ಲಗೆ ಎರಡು ಸಲ ಸವರಿದ.

“ನಾಳೆ ಮಧ್ಯಾಹ್ನ ಎಮ್ಮೇನ ನನ್ ಪಕ್ಕ ಕೂರ್ಸಿ ಸ್ವಾಮಿ, ಮುದ್ದೆ ತರ್ತೀನಿ. ನುಂಗೋದು ಅದ್ಕೆ ಹೇಳ್ಕೊಡೋದ್ ಬ್ಯಾಡ. ಸದ್ದು ಆಗ್ಲೇ ಕಲ್ತದೆ.”