ಅಂಗೈಯಷ್ಟು ಚಾಕು

ಅಂಗಡಿಯವನು ಚಾಕುವಿನಿಂದ ತನ್ನ ಮುಂಗೈಯ ರೋಮವನ್ನು ಒಂದು ಪಟ್ಟಿ ಬೋಳಿಸಿ, ಉದುರಿದ್ದನ್ನು ಗಾಜಿನ ಮೇಲೆ ಉಫ್ ಎಂದು ಊದಿದ. ಟೈಲರಮ್ಮ ಗಾಜಿನ ಮೇಲಿಂದ ಕೈ ಹಿಂತೆಗೆದಳು.

"ನೋಡಿದ್ರಾ? ಬೆಣ್ಣೆ ಥರ."

"ನೋಡಿದೆ. ಒರೆಸಿಡಿ."

ಅವನ ಕೈಮೇಲೆ ಅಂಥ ಬೋಳು ಪಟ್ಟಿಗಳು ಮೂರೋ ನಾಲ್ಕೋ ಇದ್ದವು. ಬಂದ ಗಿರಾಕಿಗೆಲ್ಲ ಇದೇ ಪ್ರದರ್ಶನ ಇರಬೇಕು. ಮೊದಲು ಗುಲಾಬಿ ಹಿಡಿಯದೊಂದನ್ನು ತೆಗೆದು, "ಲೇಡೀಸ್ ಪೀಸ್" ಎಂದು ಹಲ್ಲು ಕಿರಿದಿದ್ದ. ಅವಳು ಅದನ್ನು ಪಕ್ಕಕ್ಕೆ ತಳ್ಳಿದ್ದಳು. ಆಮೇಲೆ ಬಂದದ್ದು ಮಡಿಸುವ ಚಾಕು. ಅದೂ ಪಕ್ಕಕ್ಕೆ ಹೋಯಿತು. ನಡುಗುವ ಕೈ ಮಡಿಸಿದ್ದನ್ನು ಬಿಡಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಒರೆಯಿಂದ ಎಳೆದರೆ ಸಿದ್ಧವಾಗಿ ಕೈಗೆ ಬರಬೇಕು. ಬಟ್ಟೆಯೊಳಗಿದ್ದರೆ ಹೊರಗೆ ಉಬ್ಬು ಕಾಣಬಾರದು.

ಅವಳು ಕೊರಳಿನ ಟೇಪು ತೆಗೆದು ಅಳೆದಳು. ಅಲಗು ಎರಡೂವರೆ ಅಂಗುಲ. ಹಿಡಿ ಮೂರು. ಹಿಡಿಗೆ ಒರಟು ರಬ್ಬರು, ಬೆವರಿದ ಕೈಯಲ್ಲೂ ಜಾರುವುದಿಲ್ಲ.

"ನಿಮಗಾ?"

"ಒಬ್ಬಳು ಹುಡುಗಿಗೆ."

"ಯಾವನೋ ಹಿಂದೆ ಬಿದ್ದಿದಾನೆ ಅನ್ನಿ." ಅವನ ಕಣ್ಣಲ್ಲಿ ಹೊಳಪು ಬಂತು. "ಆಳು ಹೇಗಿದಾನೆ? ಆಳು ನೋಡಿ ಚಾಕು ಕೊಡ್ಬೇಕು."

"ಐದಡಿ ಒಂಬತ್ತಂಗುಲ. ಎದೆ ನಲವತ್ತು. ಎಡಚ. ಕಂದು ಜಾಕೆಟ್ ಹಾಕ್ತಾನೆ, ಜಿಪ್ ಕೆಟ್ಟಿದೆ. ಮುಂದೆ ಯಾವಾಗಲೂ ತೆರೆದೇ ಇರುತ್ತೆ."

"ಅಬ್ಬಾ! ಪೊಲೀಸರಿಗೂ ಇಷ್ಟು ಗೊತ್ತಿರಲ್ಲ."

"ಮೂವತ್ತು ವರ್ಷದಿಂದ ಟೈಲರ್ ನಾನು. ಕಣ್ಣಳತೆ."

"ಅಂಥೋರು ಮನುಷ್ಯರಲ್ಲಮ್ಮ, ಹುಳಗಳು."

"ಹುಳನೇ," ಎಂದಳು ಟೈಲರಮ್ಮ.

"ಚುಚ್ಚಿ ಸುಮ್ಮನಾಗೋ ಹಾಗಿಲ್ಲ. ತಿರುವಿ ಎಳೀಬೇಕು. ಆಗ ನೋಡಿ, ಕರುಳು..." ಅವನು ಗಾಳಿಯಲ್ಲಿ ಮಣಿಕಟ್ಟು ತಿರುವಿ ತೋರಿಸಿ, ನಾಲಿಗೆಯಿಂದ ತುಟಿ ಸವರಿಕೊಂಡ.

"ಸಾಕು!" ಅವಳು ಚಾಕುವನ್ನು ತನ್ನ ಕಡೆಗೆ ಎಳೆದುಕೊಂಡಳು. "ತಿರುವೋದೆಲ್ಲ ಬೇಡ. ಅವನು ಹಿಂದೆ ಸರಿದರೆ ಸಾಕು."

ಒರೆ ಬಿಗಿಯಾಗಿದೆಯೇ ಎಂದು ಚಾಕುವನ್ನು ತಲೆಕೆಳಗೆ ಹಿಡಿದು ಒದರಿದಳು. ಬೀಳಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಹೊರಬಿದ್ದಳು.

ಹುಡುಗಿ, ಟೈಲರ್ ಅಂಗಡಿಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಹದಿನೈದು ದಿನದ ಹಿಂದೆ ತೋಳು ಹರಿದ ಕುರ್ತಾ ತಂದು, "ಮೊಳೆಗೆ ಸಿಕ್ಕಿಬಿಡ್ತು ಆಂಟಿ" ಎಂದಿದ್ದಳು. ಮೊಳೆಗೆ ಸಿಕ್ಕ ಬಟ್ಟೆ ಹರಿಯುವ ಬಗೆಯೇ ಬೇರೆ, ಮುಷ್ಟಿಗೆ ಸಿಕ್ಕ ಬಟ್ಟೆ ಹರಿಯುವ ಬಗೆಯೇ ಬೇರೆ. ಎರಡು ಸಲ ಕೇಳಿದ ಮೇಲೆ ಹುಡುಗಿ ಬಾಯಿಬಿಟ್ಟಳು. ಯಾವನೋ ಒಬ್ಬ, ಹೆಸರು ಕೂಡ ಗೊತ್ತಿಲ್ಲ. ಬಸ್ಸಿಳಿದರೆ ಹಿಂದೆಯೇ ಬರುತ್ತಾನೆ. ಮೊನ್ನೆ ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟಿ ತೋಳು ಹಿಡಿದ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆ. ಹಾಕಿದ್ದ ಜಾಕೆಟ್ ಹೇಗಿತ್ತು ಎಂದು ಟೈಲರಮ್ಮ ಕೇಳಿದಳು. ಕೇಳಿ, ಇನ್ನೊಮ್ಮೆ ಕೇಳಿದಳು.

ಆಮೇಲೆ ಒಂದು ರಾತ್ರಿ, ಚಾರ್ಜಿಗಿಟ್ಟಿದ್ದ ಫೋನಿನಲ್ಲಿ ಆ ಫೋಟೋಗಳು ಕಣ್ಣಿಗೆ ಬಿದ್ದವು. ಹುಡುಗಿಯ ಬೆನ್ನು, ಕತ್ತು, ಹಿಮ್ಮಡಿ. ಒಂದರಲ್ಲಿ ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಆ ಬಾಯಿಯನ್ನಷ್ಟೇ ದೊಡ್ಡದು ಮಾಡಿ ತೆಗೆದ ಇನ್ನೂ ನಾಲ್ಕು. ಟೈಲರಮ್ಮ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಂದಿನಿಂದ ತಟ್ಟೆಯ ಮುಂದೆ ಕೂತರೆ ವಾಕರಿಕೆ.

ಗಂಡನಿಗೆ ಹೇಳಿದಳು. ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ವಯಸ್ಸಿನ ಹುಡುಗರು. ಮದುವೆಯಾದ್ರೆ ಸರಿಹೋಗ್ತಾರೆ. ನೀನು ಊರೆಲ್ಲ ಟಾಂಟಾಂ ಮಾಡ್ಬೇಡ."

ಠಾಣೆಗೂ ಹೋದಳು. ಮೇಜಿನ ಹಿಂದಿದ್ದ ಪೇದೆ ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತಿದ್ದ.

"ಅವನ ವಿವರ ಎಲ್ಲ ನಾನೇ ಬರೆದುಕೊಡ್ತೀನಿ," ಎಂದಳು.

"ನೀವು ಬರೆದ್ರೆ ನಡೆಯಲ್ಲಮ್ಮ. ಹುಡುಗೀನೇ ಬರ್ಬೇಕು. ಬಂದ್ರೂ ಏನು? ನಾಳೆ ಅವನ ಕಡೆಯೋರು ಇಲ್ಲಿ ಗೋಳೋ ಅಂತ ಅಳ್ತಾ ಕೂರ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು." ಕಡ್ಡಿಯ ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ.

ಅವಳು ಎದ್ದು ಬಂದಿದ್ದಳು.

ಈಗ ಮಧ್ಯಾಹ್ನ. ಟೈಲರಮ್ಮ ಅಂಗಡಿಯ ಪರದೆ ಎಳೆದು, ಹುಡುಗಿಯ ಕುರ್ತಾದ ಸೊಂಟದ ಒಳಮಗ್ಗುಲಿಗೆ ಜೇಬು ಹೊಲಿಯುತ್ತಿದ್ದಳು. ದಪ್ಪ ಬಟ್ಟೆ, ಎರಡು ಹೊಲಿಗೆ, ಬಾಯಿ ಎಡಕ್ಕೆ.

"ಎಡಗಡೆ ಯಾಕೆ ಆಂಟಿ?"

"ಎದುರಿಗೆ ಬಂದು ಅವನು ಎಡಗೈ ಹಾಕಿದ್ರೆ ನಿನ್ನ ಬಲಗೈ ಸಿಕ್ಕಿಬೀಳುತ್ತೆ. ಎಡಗೈಯಲ್ಲೇ ಎಳೆಯೋದು ರೂಢಿ ಮಾಡ್ಕೋ. ಎಲ್ಲಿ, ಎಳಿ."

ಹುಡುಗಿ ಕುರ್ತಾವನ್ನು ಸೊಂಟಕ್ಕೆ ಆನಿಸಿಕೊಂಡು ಚಾಕುವನ್ನು ಎಳೆದಳು. ಕೂಡಲೇ ಮೇಜಿನ ಮೇಲಿಟ್ಟುಬಿಟ್ಟಳು. "ನನ್ನ ಕೈಲಾಗಲ್ಲ. ನಾನು ಯಾರಿಗೂ ಚುಚ್ಚೋಳಲ್ಲ."

"ಚುಚ್ಚು ಅಂತ ಯಾರೂ ಹೇಳಿಲ್ಲ. ತೋರಿಸು. ಕೂಗು. ಓಡು. ಮೂರೂ ಆಗದೇ ಹೋದ್ರೆ ಮಾತ್ರ..." ಟೈಲರಮ್ಮ ಸೂಜಿಗೆ ದಾರ ಪೋಣಿಸಹೋದಳು. ಮೂರು ಸಲವೂ ಕಣ್ಣು ತಪ್ಪಿತು. "ನಾಳೆ ಬೆಳಗ್ಗೆ ಠಾಣೆಗೆ ಹೋಗೋಣ. ನೀನು ಬರೆದುಕೊಡು. ನಿನ್ನ ಜೊತೆ ನಾನಿರ್ತೀನಿ."

"ಬರೆದುಕೊಟ್ರೆ ಅವನ ಮನೆಯೋರು ಬಿಡ್ತಾರಾ ಆಂಟಿ? ಅವನ ಅಮ್ಮ ಬೀದಿಗೆ ಬಂದು ನನ್ನ ಜುಟ್ಟು ಹಿಡೀತಾಳೆ."

"ಹಿಡಿಯಲ್ಲ. ಕೋರ್ಟಿನಲ್ಲಿ ನಿನ್ನ ಕಡೆ ನಿಂತು ಸಾಕ್ಷಿ ಹೇಳ್ತಾಳೆ."

ಹುಡುಗಿ ತಲೆಯೆತ್ತಿದಳು. "ಅದು ಹೇಗೆ ಅಷ್ಟು ಖಂಡಿತವಾಗಿ ಹೇಳ್ತೀರಿ?"

ಟೈಲರಮ್ಮ ಸೂಜಿಯನ್ನು ಕೆಳಗಿಟ್ಟಳು.

"ಅವನನ್ನ ಹೆತ್ತೋಳು ನಾನೇ ಕಣಮ್ಮ."